ದಿನದ ಏರಿಳಿತ ಮತ್ತು ಸಾವಧಾನದ ಅಭ್ಯಾಸ: ಒಂದು ಸಮೀಕ್ಷೆ

ಬೆಳಿಗ್ಗೆ ನಗುನಗುತ್ತ ಚಹಾ ಕುಡಿದು ತೋಟಕ್ಕೆ ಹೋದ ಮನುಷ್ಯ, ಹತ್ತು ಗಂಟೆಗೆ ಸಾಲದ ಕಂತಿನ ಫೋನು ಬಂದರೆ ಕಂಗೆಡುತ್ತಾನೆ. ಮಧ್ಯಾಹ್ನ ಬಳ್ಳಿಯಲ್ಲಿ ಗೊಂಚಲು ಚೆನ್ನಾಗಿ ಕಟ್ಟಿದ್ದು ಕಂಡರೆ ಮತ್ತೆ ಹಗುರಾಗುತ್ತಾನೆ. ಸಂಜೆ ಮೋಡ ಕವಿಯಿತೆಂದರೆ ರಾತ್ರಿ ಕಣ್ಣಿಗೆ ಕಣ್ಣು ಹತ್ತುವುದಿಲ್ಲ. ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಇದನ್ನು ಯಾರೂ ವಿವರಿಸಿ ಹೇಳಬೇಕಿಲ್ಲ. "ಮುಗಿಲು ನೋಡಿದ್ರ ಜೀವ ತಳಮಳ ಅಂತದರಿ" ಎಂಬ ಮಾತು ಅಲ್ಲಿ ಮಾರ್ಚ್ ತಿಂಗಳಲ್ಲಿ ದಿನವೂ ಕೇಳಿಬರುವಂಥದು. ಇವರು ರೋಗಿಗಳಲ್ಲ. ಬದುಕು ಏರಿಸಿದಂತೆ ಏರಿ, ಇಳಿಸಿದಂತೆ ಇಳಿಯುವ ಎಲ್ಲರ ಮನಸ್ಸಿನ ಸ್ಥಿತಿಯೇ ಇದು.

ಇಂಥ ಏರಿಳಿತಕ್ಕೆ ಸಾವಧಾನದ ಅಭ್ಯಾಸ, ಈಗ ಎಲ್ಲರ ಬಾಯಲ್ಲಿರುವ ಮೈಂಡ್‌ಫುಲ್‌ನೆಸ್ ತರಬೇತಿ, ಏನು ಮಾಡುತ್ತದೆ? ಉತ್ತರ ಹುಡುಕುವವರು ಸಾಮಾನ್ಯವಾಗಿ ಮೂರು ಬೇರೆ ಪ್ರಶ್ನೆಗಳನ್ನು ಒಂದೇ ಗಂಟಿನಲ್ಲಿ ಕಟ್ಟಿಬಿಡುತ್ತಾರೆ. ಒಟ್ಟಾರೆ ದುಗುಡ ಕಡಿಮೆಯಾಗುತ್ತದೆಯೇ ಎಂಬುದು ಮೊದಲನೆಯದು. ಏರಿಳಿತದ ಎತ್ತರವೇ ತಗ್ಗುತ್ತದೆಯೇ ಎಂಬುದು ಎರಡನೆಯದು. ಎದ್ದ ಭಾವನೆ ಎಷ್ಟು ಹೊತ್ತು ನಿಲ್ಲುತ್ತದೆ, ಅದರ ನಡುವೆ ನಾವು ಏನು ಮಾಡುತ್ತೇವೆ ಎಂಬುದು ಮೂರನೆಯದು. ಇವಕ್ಕೆ ಸಿಕ್ಕಿರುವ ಉತ್ತರಗಳು ಒಂದೇ ಬಗೆಯವಲ್ಲ. ಈ ವಿಷಯದ ಬಹುಪಾಲು ವಾದ ಎದ್ದಿರುವುದು ಇವನ್ನು ಬಿಡಿಸಿ ನೋಡದಿದ್ದುದರಿಂದಲೇ.

ಆಶ್ರಮ, ಮಠ, ಬೀಸುವ ಕಲ್ಲು

ಮನಸ್ಸನ್ನು ಪಳಗಿಸುವ ಕಸುಬು ಈ ನೆಲಕ್ಕೆ ಹೊಸದಲ್ಲ, ಆದರೆ ಅದು ಎಂದೂ ಒಂದೇ ದಾರಿಯಾಗಿರಲಿಲ್ಲ. ಪತಂಜಲಿಯ ಯೋಗಸೂತ್ರ ಚಿತ್ತದ ವೃತ್ತಿಗಳನ್ನು ನಿಲ್ಲಿಸುವ ಗುರಿ ಇಟ್ಟುಕೊಂಡಿತು. ಅದಕ್ಕೆ ಅಭ್ಯಾಸ ಮತ್ತು ವೈರಾಗ್ಯ ಎಂಬ ಎರಡು ಸಾಧನಗಳನ್ನು ಹೇಳಿತು. ಅದೇ ಗ್ರಂಥ ಸುಖಿಗಳ ಬಗ್ಗೆ ಮೈತ್ರಿ, ದುಃಖಿಗಳ ಬಗ್ಗೆ ಕರುಣೆ, ಪುಣ್ಯವಂತರ ಬಗ್ಗೆ ಮುದಿತೆ, ಪಾಪಿಗಳ ಬಗ್ಗೆ ಉಪೇಕ್ಷೆ ಬೆಳೆಸಿಕೊಂಡರೆ ಚಿತ್ತ ತಿಳಿಯಾಗುತ್ತದೆ ಎಂದೂ ಹೇಳುತ್ತದೆ. ಇಂದಿನ ಮನಶ್ಶಾಸ್ತ್ರದ ಲೆಕ್ಕದಲ್ಲಿ ಇದು ಭಾವನೆಯ ನಿರ್ವಹಣೆಯೇ. ಬುದ್ಧನ ಸತಿಪಟ್ಠಾನದ ಬೋಧನೆ ಬೇರೆ ಕಡೆಯಿಂದ ಹೊರಟಿತು. ದೇಹ, ವೇದನೆ, ಚಿತ್ತ, ಧರ್ಮ ಎಂಬ ನಾಲ್ಕರಲ್ಲಿ ಏನು ನಡೆಯುತ್ತಿದೆಯೋ ಅದನ್ನು ನಡೆಯುವಂತೆಯೇ ನೋಡು ಎಂದಿತು. ಮೊದಲನೆಯದರಲ್ಲಿ ತರಂಗ ಶಾಂತವಾಗಬೇಕು. ಎರಡನೆಯದರಲ್ಲಿ ತರಂಗದ ಹುಟ್ಟು ಸಾವು ಕಾಣಬೇಕು. ಇವತ್ತಿನ ಸಂಶೋಧಕರ ನಡುವಿನ ಮುಖ್ಯ ಭಿನ್ನಾಭಿಪ್ರಾಯದ ಬೇರು ಇಲ್ಲೇ ಇದೆ.

ವಿಜಯಪುರ ಜಿಲ್ಲೆಯಲ್ಲಿ ಈ ದಾರಿಗಳ ಇನ್ನಷ್ಟು ಕವಲುಗಳು ಸಿಗುತ್ತವೆ. ಬಸವಣ್ಣನವರು ಹುಟ್ಟಿದ ಬಾಗೇವಾಡಿ ಇದೇ ಜಿಲ್ಲೆಯದು. ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ದೃಷ್ಟಿ ನೆಡುವ ಅಭ್ಯಾಸ ಇಲ್ಲಿನ ಸಾವಿರಾರು ಮನೆಗಳಲ್ಲಿ ನಿತ್ಯದ ಪೂಜೆಯ ಭಾಗ. ನಿಂಬರಗಿ, ಉಮದಿ, ಇಂಚಗೇರಿ, ನಿಂಬಾಳಗಳ ಮೂಲಕ ಹರಿದ ಪರಂಪರೆ ನಾಮಸ್ಮರಣೆಯನ್ನು ಹಿಡಿಯಿತು. ಜಮಖಂಡಿಯಲ್ಲಿ 1886ರಲ್ಲಿ ಹುಟ್ಟಿದ ರಾ. ದ. ರಾನಡೆ ಅವರು ಉಮದಿಯ ಭಾವುಸಾಹೇಬ ಮಹಾರಾಜರಿಂದ ನಾಮದೀಕ್ಷೆ ಪಡೆದು, ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಕಲಿಸಿ, ಕೊನೆಗೆ ನಿಂಬಾಳದಲ್ಲಿ ನೆಲೆಸಿದರು. 1957ರಲ್ಲಿ ಅವರು ತೀರಿಕೊಂಡದ್ದೂ ಅಲ್ಲೇ. ಅವರ ದಾರಿಯಲ್ಲಿ ಸಾಧಕ ಏಳುವ ಭಾವನೆಯನ್ನು ಪರೀಕ್ಷಿಸುತ್ತ ಕೂರುವುದಿಲ್ಲ, ಮತ್ತೆ ಮತ್ತೆ ನಾಮಕ್ಕೆ ಮರಳುತ್ತಾನೆ.

ಆದಿಲಶಾಹಿ ಕಾಲದ ಬಿಜಾಪುರದ ಸೂಫಿಗಳು ಇನ್ನೊಂದು ಬಗೆ ಕಂಡುಕೊಂಡಿದ್ದರು. ಇತಿಹಾಸಕಾರ ರಿಚರ್ಡ್ ಈಟನ್ ಇಲ್ಲಿನ ಸೂಫಿಗಳ ಬಗ್ಗೆ 1978ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಚಕ್ಕೀನಾಮಾ ಎಂಬ ದಖನಿ ಹಾಡುಗಳ ಕುರಿತು ವಿವರವಾಗಿ ಬರೆದಿದ್ದಾರೆ. ಬೀಸುವ ಕಲ್ಲಿನ ಮುಂದೆ ಕೂತ ಹೆಂಗಸರು ಹಾಡುತ್ತಿದ್ದ ಹಾಡುಗಳವು. ಕಲ್ಲು ಸುತ್ತುವ ಲಯಕ್ಕೆ ಜಿಕ್ರ್‌ನ, ಅಂದರೆ ದೇವರ ಸ್ಮರಣೆಯ, ಉಚ್ಚಾರವನ್ನು ಹೊಂದಿಸಿ, ಹಿಟ್ಟು ಬೀಸುವ ಕೆಲಸವನ್ನೇ ಸ್ಮರಣೆಯ ಹೊತ್ತನ್ನಾಗಿ ಮಾಡಿದ್ದವು. ಧ್ಯಾನಕ್ಕೆಂದು ಬೇರೆ ಸಮಯ, ಬೇರೆ ಕೋಣೆ ಇಲ್ಲದವರಿಗೆ ಅವರ ದುಡಿಮೆಯೊಳಗೇ ಅಭ್ಯಾಸವನ್ನು ಕೊಟ್ಟದ್ದು ನನಗೆ ಬಹಳ ದೊಡ್ಡ ಮಾತಾಗಿ ಕಾಣುತ್ತದೆ. ಇಂದಿನ ಎಂಟು ವಾರದ ಮೈಂಡ್‌ಫುಲ್‌ನೆಸ್ ತರಗತಿಗಳಿಗೂ ಇದು ಇನ್ನೂ ಪೂರ್ತಿ ಸಾಧ್ಯವಾಗಿಲ್ಲ.

ನಮ್ಮ ಕಾಲಕ್ಕೆ ಬಂದರೆ, ಈ ಭಾಗದಲ್ಲಿ ಮನಸ್ಸಿನ ಮಾತು ಎತ್ತಿದ ಕೂಡಲೇ ಜನ ನೆನೆಯುವುದು ಜ್ಞಾನಯೋಗಾಶ್ರಮದ ಶ್ರೀ ಸಿದ್ಧೇಶ್ವರ ಸ್ವಾಮೀಜಿಯವರನ್ನು. ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿದ ಅವರು ಗುರು ಮಲ್ಲಿಕಾರ್ಜುನ ಸ್ವಾಮೀಜಿಯವರ ಜೊತೆಗಿದ್ದು ಬೆಳೆದು, ಗೀತೆ, ಉಪನಿಷತ್ತು, ಯೋಗಸೂತ್ರ, ವಚನಗಳ ಮೇಲೆ ದಶಕಗಳ ಕಾಲ ಪ್ರವಚನ ಮಾಡಿದರು. 2018ರಲ್ಲಿ ಪದ್ಮಶ್ರೀಯನ್ನು ವಿನಯದಿಂದ ಬೇಡವೆಂದರು. 2023ರ ಜನವರಿ 2ರಂದು ಅವರು ದೇಹ ಬಿಟ್ಟಾಗ ವಿಜಯಪುರಕ್ಕೆ ಲಕ್ಷಾಂತರ ಜನ ಬಂದರು. ತಮಗೆ ಸಮಾಧಿ ಬೇಡ, ಸ್ಮಾರಕ ಬೇಡ, ದೇಹವನ್ನು ದಹನ ಮಾಡಿ ಎಂದು ಅವರು ಮೊದಲೇ ಬರೆದಿಟ್ಟಿದ್ದರು. ಅವರ ಪ್ರವಚನದಲ್ಲಿ ಕಣ್ಣು ಮುಚ್ಚಿ ಕೂರುವ ವಿಧಿಗಿಂತ ಕೇಳುವುದೇ ಮುಖ್ಯ ಅಭ್ಯಾಸ. ನಸುಕಿನಲ್ಲಿ ಸಾವಿರಾರು ಮಂದಿ ಸದ್ದಿಲ್ಲದೆ ಕೂತು, ತಗ್ಗಿದ ದನಿಯಲ್ಲಿ ಬರುವ ಒಂದೊಂದೇ ಮಾತನ್ನು ಕೇಳುತ್ತಿದ್ದರು. ಹೂವು, ಹಕ್ಕಿ, ಹೊಲ, ಮಳೆಯ ಉದಾಹರಣೆಗಳ ಮೂಲಕ ಬದುಕನ್ನು ಬೇರೆ ಕೋನದಿಂದ ಕಾಣುವುದನ್ನು ಅವರು ಕಲಿಸಿದರು. ಪ್ರವಚನ ಕೇಳಿದ ಮೇಲೆ ಮನೆಯಲ್ಲಿ ಸಿಟ್ಟು ಕಡಿಮೆಯಾಯಿತು ಎಂದು ಹೇಳುವವರು ವಿಜಯಪುರದ ಯಾವ ಓಣಿಯಲ್ಲೂ ಸಿಗುತ್ತಾರೆ. ಆ ಅನುಭವವನ್ನು ಹಗುರಾಗಿ ಕಾಣಲು ನನಗೆ ಮನಸ್ಸಿಲ್ಲ. ಆದರೆ ಅಲ್ಲಿ ಕೆಲಸ ಮಾಡಿದ್ದು ಯಾವುದು, ಮಾತಿನ ಅರ್ಥವೇ, ಗುರುವಿನ ಸಾನ್ನಿಧ್ಯವೇ, ನಸುಕಿನ ಮೌನವೇ, ಜನರ ನಡುವೆ ಕೂತ ನೆಮ್ಮದಿಯೇ ಎಂಬ ಪ್ರಶ್ನೆ ಉಳಿಯುತ್ತದೆ. ಪ್ರಯೋಗಾಲಯಗಳು ಕೇಳುತ್ತಿರುವುದೂ ಇದನ್ನೇ.

ಆಸ್ಪತ್ರೆಗೆ ಬಂದ ಧ್ಯಾನ

1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಜಾನ್ ಕಬಾಟ್-ಜಿನ್ ಎಂಬ ಜೀವವಿಜ್ಞಾನಿ, ಔಷಧದಿಂದ ಗುಣವಾಗದ ದೀರ್ಘಕಾಲದ ನೋವಿನ ರೋಗಿಗಳಿಗೆ ಎಂಟು ವಾರದ ಒಂದು ತರಬೇತಿ ಶುರುಮಾಡಿದರು. ವಾರಕ್ಕೊಂದು ತರಗತಿ, ಮನೆಯಲ್ಲಿ ದಿನವೂ ಮುಕ್ಕಾಲು ಗಂಟೆಯ ಅಭ್ಯಾಸ, ನಡುವೆ ಒಂದು ಇಡೀ ದಿನದ ಮೌನ. ಬೌದ್ಧ ಧ್ಯಾನ ಮತ್ತು ಹಠಯೋಗದಿಂದ ತೆಗೆದುಕೊಂಡದ್ದನ್ನು ಧರ್ಮದ ಹೆಸರಿಲ್ಲದೆ ಕೊಟ್ಟರು. ಇದೇ ಎಂಬಿಎಸ್‌ಆರ್ (ಮೈಂಡ್‌ಫುಲ್‌ನೆಸ್ ಬೇಸ್ಡ್ ಸ್ಟ್ರೆಸ್ ರಿಡಕ್ಷನ್). ಅದಕ್ಕೆ ಹತ್ತು ವರ್ಷ ಮೊದಲೇ, 1969ರಲ್ಲಿ, ಸತ್ಯನಾರಾಯಣ ಗೋಯೆಂಕಾ ಬರ್ಮಾದಿಂದ ಭಾರತಕ್ಕೆ ಬಂದು ವಿಪಶ್ಯನದ ಹತ್ತು ದಿನದ ಶಿಬಿರಗಳನ್ನು ಆರಂಭಿಸಿದ್ದರು. ಉತ್ತರ ಕರ್ನಾಟಕದಿಂದ ಇಗತ್‌ಪುರಿಯ ಅವರ ಕೇಂದ್ರಕ್ಕೆ ಹೋಗಿ ಬಂದವರು ಬಹಳ.

ಕಬಾಟ್-ಜಿನ್ ತರಗತಿಯ ಮೊದಲ ಪಾಠದಲ್ಲಿ ಪ್ರತಿಯೊಬ್ಬರ ಕೈಗೆ ಕೊಡುವುದು ಒಂದು ಒಣದ್ರಾಕ್ಷಿ. ಅದನ್ನು ಹಿಂದೆಂದೂ ಕಂಡಿಲ್ಲವೆಂಬಂತೆ ನೋಡಬೇಕು. ಸುಕ್ಕು, ಬಣ್ಣ, ಅಂಟು, ವಾಸನೆ ಗಮನಿಸಬೇಕು. ನಾಲಗೆಯ ಮೇಲಿಟ್ಟು ಕಚ್ಚದೆ ಸ್ವಲ್ಪ ಹೊತ್ತು ಇರಬೇಕು, ಆಮೇಲೆ ನಿಧಾನವಾಗಿ ಅಗಿಯಬೇಕು. ತಿಕೋಟಾದ ಒಣದ್ರಾಕ್ಷಿ ಶೆಡ್ಡಿನಲ್ಲಿ ಇದೇ ಹಣ್ಣನ್ನು ನೋಡುವ ಕಣ್ಣು ಬೇರೆ. ಕಟಾವಾದ ಗೊಂಚಲನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ, ಒಂದರ ಮೇಲೊಂದು ಕಟ್ಟಿದ ಬಲೆಗಳ ಮೇಲೆ ಹರವಿ, ಎರಡು ವಾರದ ಆಸುಪಾಸು ಗಾಳಿಗೆ ಬಿಡುತ್ತಾರೆ. ಆ ದಿನಗಳಲ್ಲಿ ಅಕಾಲದ ಮಳೆ ಬಿದ್ದರೆ, ಗಾಳಿಯಲ್ಲಿ ತೇವ ಏರಿದರೆ, ಹಸಿರಾಗಿ ಉಳಿಯಬೇಕಾದ ಕಾಳು ಕಪ್ಪಾಗುತ್ತದೆ, ದರ ಬೀಳುತ್ತದೆ. ಅಕ್ಟೋಬರ್ ಚಾಟ್ನಿಯಿಂದ, ಅಂದರೆ ಬಳ್ಳಿ ಸವರಿದಾಗಿನಿಂದ, ಸುರಿದ ದುಡ್ಡೆಲ್ಲ ಆ ಕಾಳಿನಲ್ಲಿರುತ್ತದೆ. ಅದನ್ನು ಬೆರಳಲ್ಲಿ ಒತ್ತಿ ನೋಡುವ ರೈತನಿಗೆ ಗಮನದ ಕೊರತೆ ಇಲ್ಲವೇ ಇಲ್ಲ. ಅವನಿಗಿರುವ ಕಷ್ಟ ಆ ಗಮನದ ಜೊತೆಗೇ ಏಳುವ ಭಯ. ಗಮನ ಹೆಚ್ಚಿದರೆ ನೆಮ್ಮದಿ ಹೆಚ್ಚುತ್ತದೆ ಎಂಬ ಸರಳ ಸೂತ್ರ ಇಲ್ಲಿ ನಿಲ್ಲುವುದಿಲ್ಲ.

ಎಂಬಿಎಸ್‌ಆರ್ ಮಾದರಿಯನ್ನು ಖಿನ್ನತೆಗೆ ಹೊಂದಿಸಿದವರು ಜಿಂಡೆಲ್ ಸೀಗಲ್, ಮಾರ್ಕ್ ವಿಲಿಯಮ್ಸ್, ಜಾನ್ ಟೀಸ್‌ಡೇಲ್. 2000ರಲ್ಲಿ ಪ್ರಕಟವಾದ ಅವರ ಮೊದಲ ಪ್ರಯೋಗದಲ್ಲಿ 145 ಮಂದಿ ಇದ್ದರು. ಮೂರು ಅಥವಾ ಹೆಚ್ಚು ಬಾರಿ ಖಿನ್ನತೆಗೆ ಒಳಗಾಗಿದ್ದವರಲ್ಲಿ ಅದು ಮರುಕಳಿಸುವುದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಎರಡೇ ಬಾರಿ ಬಂದಿದ್ದವರಿಗೆ ಲಾಭ ಕಾಣಲಿಲ್ಲ. ಎಲ್ಲರಿಗೂ ಒಂದೇ ಮದ್ದಲ್ಲ ಎಂಬ ಎಚ್ಚರಿಕೆ ಮೊದಲ ಹೆಜ್ಜೆಯಲ್ಲೇ ಸಿಕ್ಕಿತ್ತು, ಉತ್ಸಾಹದಲ್ಲಿ ಬಹಳ ಜನ ಅದನ್ನು ಮರೆತರು.

ಏರಿಳಿತವನ್ನು ಅಳೆಯುವುದು

ತಿಂಗಳಿಗೊಮ್ಮೆ ತುಂಬಿಸುವ ಪ್ರಶ್ನಾವಳಿಯಿಂದ ದಿನದ ಏರಿಳಿತ ಸಿಗುವುದಿಲ್ಲ. ಹೋದ ವಾರ ಹೇಗಿದ್ದಿರಿ ಎಂದು ಕೇಳಿದರೆ ಇವತ್ತಿನ ಮನಸ್ಸು ಹೋದ ವಾರಕ್ಕೂ ಬಣ್ಣ ಹಚ್ಚುತ್ತದೆ. ಅದಕ್ಕಾಗಿ 1970ರ ದಶಕದಲ್ಲಿ ಮಿಹಾಯ್ ಚಿಕ್‌ಸೆಂಟ್‌ಮಿಹಾಯ್ ಮತ್ತು ಜೊತೆಗಾರರು ಬೇರೆ ವಿಧಾನ ರೂಪಿಸಿದರು. ಜನರಿಗೆ ಪೇಜರ್ ಕೊಟ್ಟು, ದಿನದ ನಡುವೆ ಯಾವುದೋ ಹೊತ್ತಿಗೆ ಸದ್ದು ಮಾಡಿಸಿ, ಆ ಕ್ಷಣದ ಕೆಲಸ ಮತ್ತು ಭಾವನೆಯನ್ನು ಬರೆಸಿದರು. ಈಗ ಆ ಕೆಲಸವನ್ನು ಮೊಬೈಲ್ ಮಾಡುತ್ತದೆ. ಇದರಿಂದ ಸರಾಸರಿಯಲ್ಲದೆ, ಏರಿಳಿತದ ಹರವು ಮತ್ತು ಒಂದು ಭಾವನೆ ಮುಂದಿನ ಗಂಟೆಗಳಿಗೆ ಜಡವಾಗಿ ಅಂಟಿಕೊಂಡು ಬರುವ ಪ್ರಮಾಣವನ್ನೂ ಲೆಕ್ಕ ಹಾಕಬಹುದು.

ಬೆಲ್ಜಿಯಂನ ಪೀಟರ್ ಕುಪೆನ್ಸ್ ಮತ್ತು ಸಂಗಡಿಗರು ಈ ಕೊನೆಯ ಗುಣವನ್ನು ಭಾವನೆಯ ಜಡತೆ ಎಂದು ಕರೆದು, 2010ರಲ್ಲಿ ಖಿನ್ನತೆ ಮತ್ತು ಆತ್ಮಗೌರವದ ಕೊರತೆಯೊಡನೆ ಅದಕ್ಕೆ ಸಂಬಂಧವಿರುವುದನ್ನು ತೋರಿಸಿದರು. ಶೆಡ್ಡಿನ ರೈತನನ್ನೇ ತೆಗೆದುಕೊಳ್ಳಿ. ರಾತ್ರಿ ಗುಡುಗಿದಾಗ ಎದೆ ಝಲ್ಲೆಂದು ಎದ್ದು ಹೋಗಿ ತಾಡಪತ್ರಿ ಬಿಗಿದು ಬಂದರೆ ಆ ಭಯ ಉಪಕಾರಿ. ಅದಿಲ್ಲದಿದ್ದರೆ ಮಾಲು ಹೋಗುತ್ತಿತ್ತು. ತಾಡಪತ್ರಿ ಬಿಗಿದಾದ ಮೇಲೂ, ಮಳೆ ಬಾರದೆ ನಕ್ಷತ್ರ ಕಂಡ ಮೇಲೂ, ಬೆಳಗಿನವರೆಗೆ ಅದೇ ಭಯ ಎದೆಯ ಮೇಲೆ ಕೂತರೆ ಅದು ಜಡತೆ. ಎರಡೂ ಒಂದೇ ಭಯ, ಆದರೆ ಒಂದನ್ನು ತಗ್ಗಿಸುವುದು ಹಾನಿ, ಇನ್ನೊಂದನ್ನು ತಗ್ಗಿಸುವುದು ಆರೋಗ್ಯ. ಏರಿಳಿತವೇ ಬೇಡ ಎನ್ನುವ ತರಬೇತಿ ಈ ವ್ಯತ್ಯಾಸ ಕಾಣದೆ ಹೋಗುತ್ತದೆ.

ಹಾಗಾದರೆ ದಾಖಲೆಗಳು ಏನು ಹೇಳುತ್ತವೆ? ಅಮೆರಿಕದಲ್ಲಿ ಹಿಲ್ ಮತ್ತು ಅಪ್‌ಡೆಗ್ರಾಫ್ 2012ರಲ್ಲಿ ವಿದ್ಯಾರ್ಥಿಗಳನ್ನು ಒಂದು ವಾರ ಹೀಗೆ ಹಿಂಬಾಲಿಸಿದರು. ಸ್ವಭಾವದಿಂದಲೇ ಹೆಚ್ಚು ಸಾವಧಾನಿಗಳಾಗಿದ್ದವರಲ್ಲಿ ಭಾವನೆಯ ತೂಗಾಟ ಕಡಿಮೆಯಿತ್ತು. ಸಿಟ್ಟು, ಬೇಸರ, ಆತಂಕಗಳನ್ನು ಒಂದರಿಂದೊಂದು ಬೇರ್ಪಡಿಸಿ ಗುರುತಿಸುವ ಶಕ್ತಿ ಹೆಚ್ಚಿತ್ತು. ಇದು ಸ್ವಭಾವದ ಲೆಕ್ಕ, ತರಬೇತಿಯ ಫಲವಲ್ಲ. ತರಬೇತಿಯ ಫಲವನ್ನೇ ನೋಡಿದ ಅಧ್ಯಯನ ನಿಕೋಲ್ ಗೆಶ್ವಿಂಡ್ ಮತ್ತು ಸಂಗಡಿಗರದು. 2011ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಖಿನ್ನತೆಯ ಉಳಿಕೆ ಲಕ್ಷಣಗಳಿದ್ದ 130 ಮಂದಿ ಇದ್ದರು. ಎಂಟು ವಾರದ ನಂತರ ದಿನದ ಕ್ಷಣಗಳಲ್ಲಿ ಸಂತೋಷದ ಭಾವ ಹೆಚ್ಚಿತ್ತು, ಸಣ್ಣಪುಟ್ಟ ಹಿತಕರ ಸಂಗತಿಗಳಿಂದ ಖುಷಿ ಪಡೆಯುವ ಶಕ್ತಿಯೂ ಹೆಚ್ಚಿತ್ತು. ದುಃಖ ತಡೆಯುವುದಕ್ಕಷ್ಟೇ ಅಲ್ಲ, ಸುಖ ಒಳಗಿಳಿಯುವುದಕ್ಕೂ ಅಭ್ಯಾಸ ನೆರವಾಗಬಹುದು ಎಂಬುದು ಇಲ್ಲಿನ ಮುಖ್ಯ ಮಾತು.

ಈ ಲೆಕ್ಕಾಚಾರದ ಮೇಲೆಯೇ ಒಂದು ಗಂಭೀರ ಆಕ್ಷೇಪವಿದೆ. ಎಗೋನ್ ದೆಯಾಂಕೀರೆ ಮತ್ತು ಸಂಗಡಿಗರು 2019ರಲ್ಲಿ ಹಲವು ದತ್ತಾಂಶಗಳನ್ನು ಒಟ್ಟುಗೂಡಿಸಿ ನೋಡಿ, ಸರಾಸರಿ ಮತ್ತು ಹರವು ತಿಳಿದ ಮೇಲೆ ಉಳಿದ ಸಂಕೀರ್ಣ ಅಳತೆಗಳಿಂದ ಮನುಷ್ಯನ ಕ್ಷೇಮದ ಬಗ್ಗೆ ಹೊಸದಾಗಿ ತಿಳಿಯುವುದು ಬಹಳ ಕಡಿಮೆ ಎಂದರು. ಜಡತೆಯ ಕಲ್ಪನೆ ಮನಸ್ಸಿಗೆ ಹಿಡಿಸುವಂಥದು, ಆದರೆ ಅಂಕಿ ಅಂಶದಲ್ಲಿ ಅದರ ಸ್ವತಂತ್ರ ಬಲ ಇನ್ನೂ ಗಟ್ಟಿಯಾಗಿಲ್ಲ.

ಕೆಲಸ ಮಾಡುವುದು ಯಾವುದು?

ಭಾವನೆಯ ನಿರ್ವಹಣೆಯ ಬಗ್ಗೆ ಇಂದು ಹೆಚ್ಚು ಬಳಕೆಯಲ್ಲಿರುವ ನಕ್ಷೆ ಜೇಮ್ಸ್ ಗ್ರಾಸ್ 1998ರಲ್ಲಿ ಕೊಟ್ಟದ್ದು. ಒಂದು ಭಾವನೆ ಹುಟ್ಟಿ ಬೆಳೆಯುವ ದಾರಿಯಲ್ಲಿ ಐದು ಕಡೆ ಕೈ ಹಾಕಬಹುದು. ಸನ್ನಿವೇಶವನ್ನು ಆರಿಸಿಕೊಳ್ಳುವುದು, ಅದನ್ನು ಬದಲಿಸುವುದು, ಗಮನವನ್ನು ತಿರುಗಿಸುವುದು, ಅರ್ಥವನ್ನು ಬೇರೆ ಮಾಡಿಕೊಳ್ಳುವುದು, ಕೊನೆಗೆ ಹೊರಹೊಮ್ಮುವುದನ್ನು ತಡೆಯುವುದು. ಬಂದ ಸಿಟ್ಟನ್ನು ನುಂಗುವುದು ಈ ಕೊನೆಯದು. ಇದರಿಂದ ಒಳಗಿನ ಕುದಿತ ಕಡಿಮೆಯಾಗುವುದಿಲ್ಲ. ಸಾವಧಾನ ಇವುಗಳಲ್ಲಿ ಎಲ್ಲಿ ಕೂರುತ್ತದೆ ಎಂಬುದರ ಮೇಲೆ ಪಂಗಡಗಳಿವೆ.

ಗಮನದ ಪಂಗಡದವರು ಹೇಳುವುದು ಸರಳ. ಕಿಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ 2010ರಲ್ಲಿ 2,250 ಮಂದಿಯನ್ನು ಫೋನಿನ ಮೂಲಕ ಕೇಳಿದಾಗ, ಶೇಕಡಾ 47ರಷ್ಟು ಹೊತ್ತು ಅವರ ಮನಸ್ಸು ಮಾಡುತ್ತಿದ್ದ ಕೆಲಸದ ಮೇಲಿರಲಿಲ್ಲ. ಅಲೆಯುತ್ತಿದ್ದ ಹೊತ್ತಿನಲ್ಲಿ ಸಂತೋಷವೂ ಕಡಿಮೆಯಿತ್ತು. ಮನಸ್ಸನ್ನು ಉಸಿರಿಗೆ ಮರಳಿ ತರುವ ಅಭ್ಯಾಸ ಅಲೆದಾಟವನ್ನು ತಗ್ಗಿಸುತ್ತದೆ, ಅದರಿಂದ ಕೊರಗು ತಗ್ಗುತ್ತದೆ ಎನ್ನುತ್ತಾರೆ. ನಿಂಬಾಳದ ನಾಮಸ್ಮರಣೆಯನ್ನು ವಿವರಿಸಲು ಈ ವಾದ ಚೆನ್ನಾಗಿ ಒಗ್ಗುತ್ತದೆ.

ಅರ್ಥದ ಪಂಗಡದವರು, ಮುಖ್ಯವಾಗಿ ಎರಿಕ್ ಗಾರ್ಲಂಡ್, ಸಾವಧಾನವನ್ನು ಒಂದು ಮೆಟ್ಟಿಲೆಂದು ಕಾಣುತ್ತಾರೆ. ಭಾವನೆಯಿಂದ ಒಂದು ಹೆಜ್ಜೆ ಹಿಂದೆ ಸರಿದವನಿಗೆ ಅದೇ ಸಂಗತಿಯನ್ನು ಬೇರೆ ಬೆಳಕಿನಲ್ಲಿ ಕಾಣಲು ಎಡೆ ಸಿಗುತ್ತದೆ. ಹಾನಿಯಾಗಿ ಕಂಡದ್ದು ಪಾಠವಾಗಿ ಕಾಣಬಹುದು. ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನದ ಫಲವನ್ನು ವಿವರಿಸುವುದಾದರೆ ನಾನು ಈ ಪಂಗಡದ ಕಡೆ ವಾಲುತ್ತೇನೆ. ಅಲ್ಲಿ ಮೌನವೂ ಇತ್ತು, ಹೊಸ ಅರ್ಥವೂ ಇತ್ತು.

ಮೂರನೆಯದು ಒಪ್ಪಿಗೆಯ ಪಂಗಡ. ಇದಕ್ಕೆ ಸಿಕ್ಕಿರುವ ಪುರಾವೆ ಉಳಿದವುಗಳಿಗಿಂತ ನೇರವಾದದ್ದು. ಎಮಿಲಿ ಲಿಂಡ್ಸೇ ಮತ್ತು ಡೇವಿಡ್ ಕ್ರೆಸ್‌ವೆಲ್ 2017ರಲ್ಲಿ ಮಂಡಿಸಿದ ಸಿದ್ಧಾಂತ ಸಾವಧಾನವನ್ನು ಎರಡು ಭಾಗ ಮಾಡುತ್ತದೆ. ಒಂದು, ಏನಾಗುತ್ತಿದೆ ಎಂದು ಗಮನಿಸುವುದು. ಇನ್ನೊಂದು, ಗಮನಿಸಿದ್ದನ್ನು ದೂಡದೆ, ಹಿಡಿಯದೆ ಇರಗೊಡುವುದು. ಗಮನವಷ್ಟೇ ಹರಿತವಾದರೆ ಸುಖ ದುಃಖ ಎರಡೂ ಹೆಚ್ಚು ಚುರುಕಾಗಿ ತಾಗುತ್ತವೆ. ಇರಗೊಡುವ ಗುಣ ಸೇರಿದಾಗಲೇ ದುಃಖದ ಪೆಟ್ಟು ತಗ್ಗುತ್ತದೆ. ಇದನ್ನು ಪರೀಕ್ಷಿಸಲು ಅವರು ಒಂದೇ ತರಬೇತಿಯನ್ನು ಬಿಚ್ಚಿ, ಮೊಬೈಲ್ ಮೂಲಕ ಒಂದು ಗುಂಪಿಗೆ ಎರಡೂ ಕಲಿಸಿದರು, ಇನ್ನೊಂದಕ್ಕೆ ಗಮನ ಮಾತ್ರ, ಮೂರನೆಯದಕ್ಕೆ ಎರಡೂ ಇಲ್ಲ. 2018ರಲ್ಲಿ ಬಂದ ಫಲಿತಾಂಶ ಹೀಗಿತ್ತು: ಜನರ ಮುಂದೆ ಒತ್ತಡದ ಪರೀಕ್ಷೆಗೆ ನಿಲ್ಲಿಸಿದಾಗ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಮತ್ತು ರಕ್ತದೊತ್ತಡದ ಏರಿಕೆ ಎರಡೂ ಕಲಿತವರಲ್ಲಿ ಕಡಿಮೆಯಾಯಿತು, ಗಮನ ಮಾತ್ರ ಕಲಿತವರಲ್ಲಿ ಆಗಲಿಲ್ಲ. ದಿನನಿತ್ಯದ ಸಂತೋಷದ ಭಾವವೂ ಎರಡೂ ಕಲಿತವರಲ್ಲೇ ಹೆಚ್ಚಿತು. ಒಣದ್ರಾಕ್ಷಿಯನ್ನು ಬೆರಳಲ್ಲಿ ಒತ್ತಿ ನೋಡುವ ರೈತನ ಗಮನ ಯಾಕೆ ನೆಮ್ಮದಿ ಕೊಡುವುದಿಲ್ಲ ಎಂಬುದಕ್ಕೆ ನನಗೆ ಸಿಕ್ಕ ಒಳ್ಳೆಯ ವಿವರಣೆ ಇದು.

ಇವರೆಲ್ಲರನ್ನೂ ತಡೆದು ನಿಲ್ಲಿಸುವ ನಾಲ್ಕನೆಯ ದನಿಯೊಂದಿದೆ. ತರಬೇತಿಯಿಂದ ಆದ ಲಾಭ ಧ್ಯಾನದ್ದೇ ಎಂದು ಹೇಗೆ ಹೇಳುತ್ತೀರಿ ಎಂದು ಅದು ಕೇಳುತ್ತದೆ. ವಾರವಾರ ಕೂಡುವ ಗುಂಪು, ಕೇಳಿಸಿಕೊಳ್ಳುವ ಶಿಕ್ಷಕ, ಒಳ್ಳೆಯದಾಗುತ್ತದೆಂಬ ನಂಬಿಕೆ ಇವೂ ಕೆಲಸ ಮಾಡುತ್ತವೆ. ವಿಸ್ಕಾನ್ಸಿನ್ನಿನ ಸಂಶೋಧಕರು 2012ರಲ್ಲಿ ಎಂಬಿಎಸ್‌ಆರ್‌ಗೆ ಸಮನಾಗಿ ವ್ಯಾಯಾಮ, ಸಂಗೀತ, ಆಹಾರದ ಪಾಠಗಳ ತರಗತಿಯನ್ನು ನಡೆಸಿ ಹೋಲಿಸಿದಾಗ, ಎರಡೂ ಕಡೆ ಜನರ ಸಂಕಟ ಹೆಚ್ಚುಕಡಿಮೆ ಒಂದೇ ಬಗೆಯಲ್ಲಿ ಇಳಿಯಿತು. ಮಾಧವ್ ಗೋಯಲ್ ಮತ್ತು ಸಂಗಡಿಗರು 2014ರಲ್ಲಿ 47 ಪ್ರಯೋಗಗಳ 3,515 ಮಂದಿಯ ಫಲಿತಾಂಶ ಒಟ್ಟುಗೂಡಿಸಿದರು. ಆತಂಕ, ಖಿನ್ನತೆ, ನೋವುಗಳಲ್ಲಿ ಸಾಧಾರಣ ಪ್ರಮಾಣದ ಲಾಭ ಕಂಡಿತು. ಔಷಧ, ವ್ಯಾಯಾಮದಂಥ ಬೇರೆ ಚಿಕಿತ್ಸೆಗಳಿಗಿಂತ ಧ್ಯಾನ ಮೇಲು ಎನ್ನಲು ಆಧಾರ ಸಿಗಲಿಲ್ಲ. ಮೇಲಲ್ಲ ಎಂದರೆ ಕೀಳು ಎಂದಲ್ಲ. ಎಲಿಜಬೆತ್ ಹೋಜ್ ತಂಡ 2022ರಲ್ಲಿ ಆತಂಕದ ಕಾಯಿಲೆಯ 276 ಮಂದಿಯಲ್ಲಿ ಎಂಬಿಎಸ್‌ಆರ್ ಅನ್ನು ಎಸಿಟಲೋಪ್ರಾಮ್ ಮಾತ್ರೆಯೊಡನೆ ಹೋಲಿಸಿ, ಎಂಟು ವಾರದ ಕೊನೆಗೆ ತರಬೇತಿ ಮಾತ್ರೆಗಿಂತ ಹಿಂದೆ ಬಿದ್ದಿಲ್ಲ ಎಂದು ತೋರಿಸಿತು.

ಸನ್ನಿವೇಶದ ಪಾಲು

ಗ್ರಾಸ್ ಅವರ ಪಟ್ಟಿಯಲ್ಲಿ ಸನ್ನಿವೇಶವನ್ನೇ ಬದಲಿಸುವುದು ಎರಡನೆಯ ಜಾಗದಲ್ಲಿದೆ. ಧ್ಯಾನದ ಸಾಹಿತ್ಯ ಇದರ ಬಗ್ಗೆ ಬಹಳ ಕಡಿಮೆ ಮಾತಾಡುತ್ತದೆ. ತಿಕೋಟಾ ಭಾಗದಲ್ಲಿ ಬೇಸಿಗೆ ಬಂದರೆ ಬೋರ್‌ವೆಲ್ ಬತ್ತಿ, ಸಾಲ ಮಾಡಿ ಟ್ಯಾಂಕರ್ ನೀರು ಹಾಕಿ ಬಳ್ಳಿ ಉಳಿಸಿಕೊಂಡ ವರ್ಷಗಳಿದ್ದವು. ಕೃಷ್ಣೆಯ ನೀರನ್ನು ಎತ್ತಿ ತರುವ ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಈ ಭಾಗದ ಕೆರೆಗಳಿಗೆ ನೀರು ಬಂದಾಗ ಎಷ್ಟೋ ಮನೆಗಳ ರಾತ್ರಿಯ ನಿದ್ದೆ ಮರಳಿತು. ಭಾವನೆಯ ನಿರ್ವಹಣೆಯ ಇತಿಹಾಸವನ್ನು ಈ ಜಿಲ್ಲೆಯಲ್ಲಿ ಬರೆಯುವವರು ಆಶ್ರಮದ ಜೊತೆಗೆ ಕಾಲುವೆಯನ್ನೂ ಬರೆಯಬೇಕು.

ಆಲಿಸನ್ ಟ್ರಾಯ್ ಮತ್ತು ಸಂಗಡಿಗರ 2013ರ ಅಧ್ಯಯನ ಈ ಮಾತಿಗೆ ಬಲ ಕೊಡುತ್ತದೆ. ಕೈಮೀರಿದ ಕಷ್ಟದಲ್ಲಿ, ಸಂಗತಿಯನ್ನು ಬೇರೆ ಬೆಳಕಿನಲ್ಲಿ ಕಾಣಬಲ್ಲವರಿಗೆ ಖಿನ್ನತೆ ಕಡಿಮೆ. ಬದಲಿಸಬಹುದಾದ ಕಷ್ಟದಲ್ಲಿ ಅದೇ ಗುಣವಿದ್ದವರಿಗೆ ಖಿನ್ನತೆ ಹೆಚ್ಚು. ಅಕಾಲದ ಮಳೆ ಮೊದಲ ಬಗೆಯದು. ಬೆಲೆ, ನೀರು, ಬೆಳೆವಿಮೆ ಎರಡನೆಯ ಬಗೆಯವು. ಅಮೆರಿಕದ ರೊನಾಲ್ಡ್ ಪರ್ಸರ್ 2019ರ ತಮ್ಮ ಪುಸ್ತಕದಲ್ಲಿ, ಕಂಪನಿಗಳು ಕೆಲಸದ ಹೊರೆ ಇಳಿಸುವ ಬದಲು ನೌಕರರಿಗೆ ಧ್ಯಾನ ಕಲಿಸುತ್ತಿರುವುದನ್ನು ಖಂಡಿಸಿದರು. ಅವರ ಮಾತು ಕೆಲವೆಡೆ ಅತಿಯಾಗಿದ್ದರೂ ಈ ಅಂಶದಲ್ಲಿ ನಾನು ಅವರ ಜೊತೆಗಿದ್ದೇನೆ. ಒಣದ್ರಾಕ್ಷಿ ಆರಿಸುವ ಕೂಲಿ ಹೆಂಗಸಿಗೆ ಉಸಿರಾಟ ಕಲಿಸುವ ಮೊದಲು ಅವಳ ಕೂಲಿಯ ಮಾತಾಡಬೇಕು.

ಕೈಕೊಟ್ಟ ಕಡೆಗಳು

ಬ್ರಿಟನ್ನಿನ 85 ಶಾಲೆಗಳಲ್ಲಿ 8,000ಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ ಮಿರಿಯಡ್ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. ತರಗತಿಯಲ್ಲಿ ಮಾಮೂಲಿ ಶಿಕ್ಷಕರೇ ಕಲಿಸಿದ ಮೈಂಡ್‌ಫುಲ್‌ನೆಸ್‌ನಿಂದ ಮಕ್ಕಳ ಮಾನಸಿಕ ಆರೋಗ್ಯಕ್ಕೆ ಎಂದಿನ ಪಾಠಕ್ಕಿಂತ ಹೆಚ್ಚಿನ ಲಾಭ ಆಗಲಿಲ್ಲ. ಮೊದಲೇ ತೊಂದರೆಯಲ್ಲಿದ್ದ ಮಕ್ಕಳಿಗೆ ಅದು ಒಗ್ಗದಿರಬಹುದು ಎಂಬ ಸುಳಿವೂ ಸಿಕ್ಕಿತು. ಬಹುಪಾಲು ಮಕ್ಕಳು ಮನೆಯಲ್ಲಿ ಅಭ್ಯಾಸ ಮಾಡಿಯೇ ಇರಲಿಲ್ಲ. ನವೋದಯ, ಸೈನಿಕ ಶಾಲೆ, ಕಿತ್ತೂರಿನ ವಸತಿ ಶಾಲೆಗಳ ಪ್ರವೇಶಕ್ಕೆಂದು ಹತ್ತು ವರ್ಷದ ಮಕ್ಕಳು ಮನೆ ಬಿಟ್ಟು ಬಂದು ವಸತಿ ಕೋಚಿಂಗ್‌ನಲ್ಲಿ ಇರುವ ವಿಜಯಪುರದಲ್ಲಿ ಈ ಫಲಿತಾಂಶವನ್ನು ಗಮನವಿಟ್ಟು ಓದಬೇಕು. ಸಾಲಾಗಿ ಕೂರಿಸಿ ಕಣ್ಣು ಮುಚ್ಚಿಸಿದ ಮಾತ್ರಕ್ಕೆ ಅವ್ವನ ನೆನಪಿನ ಅಳು ನಿಲ್ಲುವುದಿಲ್ಲ.

ಮೆದುಳಿನ ರಚನೆಯೇ ಬದಲಾಗುತ್ತದೆ ಎಂಬ ಹಳೆಯ ಪ್ರಚಾರಕ್ಕೂ ಪೆಟ್ಟು ಬಿದ್ದಿದೆ. 2022ರಲ್ಲಿ ವಿಸ್ಕಾನ್ಸಿನ್‌ನ ತಂಡ ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದಾಗ ಎಂಟು ವಾರದ ತರಬೇತಿಯಿಂದ ಅಂಥ ಬದಲಾವಣೆ ಕಾಣಲಿಲ್ಲ. ಇದಕ್ಕಿಂತ ಗಂಭೀರವಾದದ್ದು ಹಾನಿಯ ಪ್ರಶ್ನೆ. ಜೇರ್ಡ್ ಲಿಂಡಾಲ್ ಮತ್ತು ವಿಲ್ಲೋಬಿ ಬ್ರಿಟನ್ 2017ರಲ್ಲಿ ದೀರ್ಘ ಧ್ಯಾನ ಮಾಡಿದವರ ಅನುಭವಗಳನ್ನು ದಾಖಲಿಸಿದರು. ತೀವ್ರ ಭಯ, ನಿದ್ದೆಗೇಡು, ಹಳೆಯ ಆಘಾತದ ಮರುಕಳಿಕೆ, ತಾನು ತಾನಲ್ಲವೆಂಬ ದಿಗಿಲು ಅದರಲ್ಲಿದ್ದವು. ಗುರುವಿನ ಕಣ್ಣಳತೆಯಲ್ಲೇ ಸಾಧನೆ ಮಾಡಬೇಕೆಂಬ ನಮ್ಮ ಹಿರಿಯರ ಕಟ್ಟುನಿಟ್ಟಿಗೆ ಕಾರಣವಿತ್ತು ಎಂದು ಇದನ್ನು ಓದಿದಾಗ ಅನಿಸುತ್ತದೆ. ಮೊಬೈಲ್ ಆ್ಯಪಿನಲ್ಲಿ ಆ ಕಣ್ಣು ಇಲ್ಲ.

ಇನ್ನೂ ತೀರ್ಮಾನವಾಗದ್ದು

ಇಷ್ಟರಿಂದ ನನಗೆ ಕಾಣುವುದಿಷ್ಟು. ಸರಾಸರಿ ದುಗುಡ ಸ್ವಲ್ಪ ಇಳಿಯುತ್ತದೆ ಎಂಬುದಕ್ಕೆ ಸಾಕಷ್ಟು ಆಧಾರವಿದೆ. ಏರಿಳಿತದ ಎತ್ತರ ತಗ್ಗುತ್ತದೆಯೇ ಎಂಬುದಕ್ಕೆ ಆಧಾರ ದುರ್ಬಲ, ತಗ್ಗಲೇಬೇಕು ಎಂಬುದೂ ಸಿದ್ಧವಾಗಿಲ್ಲ. ಪೆಟ್ಟಿಗೆ ಮನಸ್ಸು ಪ್ರತಿಕ್ರಿಯಿಸುವ ಬಗೆ ಬದಲಾಗುತ್ತದೆ ಎಂಬುದು ಹೆಚ್ಚು ಭರವಸೆಯದು, ಆದರೆ ಬರೀ ನೋಡುವುದರಿಂದ ಅಲ್ಲ, ಇರಗೊಡುವುದನ್ನು ಕಲಿತಾಗ.

ಎಷ್ಟು ಅಭ್ಯಾಸ ಸಾಕು ಎಂಬುದು ಇನ್ನೂ ಉಳಿದಿರುವ ಪ್ರಶ್ನೆ. ದಿನಕ್ಕೆ ಮುಕ್ಕಾಲು ಗಂಟೆ ಹೊಲ, ಮನೆ ಎರಡೂ ನೋಡುವ ಹೆಣ್ಣುಮಗಳಿಗೆ ಎಲ್ಲಿಂದ ಬರಬೇಕು? ಚಕ್ಕೀನಾಮಾದಂತೆ ಕೆಲಸದೊಳಗೇ ಬೆರೆತ ಅಭ್ಯಾಸ ಅಷ್ಟೇ ಫಲ ಕೊಡುತ್ತದೆಯೇ? ನಾಮಸ್ಮರಣೆ, ಪ್ರವಚನ ಶ್ರವಣ, ಉಸಿರು ನೋಡುವುದು ಇವುಗಳಲ್ಲಿ ಯಾರಿಗೆ ಯಾವುದು? ನಂಬಿಕೆ, ಗುರು, ನೀತಿಯ ಕಟ್ಟಳೆಗಳಿಂದ ಬಿಡಿಸಿ ತಂದ ಅಭ್ಯಾಸ ಮೂಲದ ಬಲವನ್ನು ಉಳಿಸಿಕೊಂಡಿದೆಯೇ? ಮೇಲೆ ಹೇಳಿದ ಪ್ರಯೋಗಗಳಲ್ಲಿ ಪಾಲ್ಗೊಂಡವರು ಹೆಚ್ಚಾಗಿ ಅಮೆರಿಕ, ಯುರೋಪಿನವರು, ತಿಂಗಳ ಸಂಬಳವೋ ವಿದ್ಯಾರ್ಥಿವೇತನವೋ ಇದ್ದವರು. ಮುಗಿಲು ಮತ್ತು ಮಾರುಕಟ್ಟೆಯ ಜೊತೆ ಏರಿಳಿಯುವ ಮನಸ್ಸಿಗೆ ಆ ಫಲಿತಾಂಶ ಎಷ್ಟು ಒಪ್ಪುತ್ತದೆ ಎಂಬುದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ.

ಇದಕ್ಕೆ ಉತ್ತರ ಹುಡುಕಲು ಬೇಕಾದದ್ದು ವಿಜಯಪುರದಲ್ಲೇ ಇದೆ. ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ, ಬಿಎಲ್‌ಡಿಇಯ ವೈದ್ಯಕೀಯ ಕಾಲೇಜಿದೆ, ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಅಕ್ಟೋಬರ್ ಚಾಟ್ನಿಯಿಂದ ಮಾರ್ಚಿನ ಶೆಡ್ಡಿನವರೆಗೆ ಒಂದು ಹಂಗಾಮು ಪೂರ್ತಿ, ತಿಕೋಟಾ ಮತ್ತು ಬಬಲೇಶ್ವರದ ಬೆಳೆಗಾರರನ್ನೂ ಕೂಲಿಯ ಹೆಂಗಸರನ್ನೂ ಅವರ ಮಾತಿನಲ್ಲೇ ದಿನಕ್ಕೆ ಕೆಲವು ಬಾರಿ ಕೇಳಿ ಬರೆದಿಡುವ ಅಧ್ಯಯನವನ್ನು ಈ ಸಂಸ್ಥೆಗಳು ಕೈಗೆತ್ತಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ. ಓದುಗರಲ್ಲಿ ಒಂದು ವಿನಂತಿ. ನಿದ್ದೆ ವಾರಗಟ್ಟಲೆ ಬಾರದಿದ್ದರೆ, ಬದುಕೇ ಬೇಡವೆನಿಸಿದರೆ, ಧ್ಯಾನದ ಶಿಬಿರ ಹುಡುಕುತ್ತ ಕೂರಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನು ಮಾಡಿ. ಅದು ಉಚಿತ, ಹಗಲಿರುಳೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.